ಜಡೆಯ ತುದಿ

"ಮಗುವಿನ ಬಾಯಿಗೆ ಏನೇನು ಹೋಗುತ್ತೋ ಎಲ್ಲಾ ಹೇಳಿ. ಇದೇನು ಮಹಾ ಅಂತ ಯಾವುದನ್ನೂ ಬಿಡಬೇಡಿ," ಎಂದು ಡಾಕ್ಟರು ಪೆನ್ನು ಕೈಗೆತ್ತಿಕೊಂಡರು.

ಮನೆಯವರು ಮೂವರೂ ಒಂದೇ ಸಲಕ್ಕೆ ಬಾಯಿ ತೆರೆದರು. ತಾಯಿ ಹಾಲು, ಬ್ರೆಡ್ಡು, ಮೊಟ್ಟೆ ಎಂದು ಶುರು ಮಾಡಿದಳು. ಅವಳು ಬೇಕರಿಯಲ್ಲಿ ಕೆಲಸ ಮಾಡುವವಳು, ಮನೆಯಲ್ಲಿ ಉಳಿದದ್ದಕ್ಕೆಲ್ಲ ಬರವಿದ್ದರೂ ಬ್ರೆಡ್ಡಿಗೆ ಇರಲಿಲ್ಲ. ತಂದೆ ಬಸ್ ಕಂಡಕ್ಟರು. ಹೆಂಡತಿಯ ಮುಖವನ್ನೊಮ್ಮೆ ಕದ್ದು ನೋಡಿ, ಆಗೀಗ ತಾನು ಗುಟ್ಟಾಗಿ ಕೊಡಿಸುವ ಬಣ್ಣದ ಪೆಪ್ಪರಮಿಂಟಿನ ವಿಷಯವನ್ನೂ ಒಪ್ಪಿಕೊಂಡ. ಹೆಂಡತಿ ಅವನನ್ನು ಅಲ್ಲೇ ಹುರಿದು ಮುಕ್ಕುವ ಹಾಗೆ ನೋಡಿದಳು.

"ಗೋಡೆ ನೆಕ್ಕಲ್ಲ, ಮಣ್ಣು ತಿನ್ನಲ್ಲ. ಕೆಳಗೆ ಬಿದ್ದಿದ್ದನ್ನ ಮುಟ್ಟೋದಕ್ಕೂ ಬಿಡಲ್ಲ ನಾನು," ಎಂದಳು ಮೂರನೆಯವಳು, ಮಗುವಿನ ಅತ್ತೆ.

ಅವಳು ಕಂಡಕ್ಟರನ ಅಕ್ಕ. ಬೀದಿಗೂ ಕಾರ್ಖಾನೆಗೂ ಜಡೆಯಕ್ಕ. ಮೊಣಕಾಲು ಮುಟ್ಟುವ ಜಡೆ ಇದ್ದವಳನ್ನು ಇನ್ನೇನೆಂದು ಕರೆಯುತ್ತಾರೆ? ಮಗು ಕೂತಿದ್ದದ್ದು ಅವಳ ತೊಡೆಯ ಮೇಲೆ. ಅತ್ತೆಯ ಹೆಗಲ ಮೇಲಿಂದ ಮುಂದಕ್ಕೆ ಇಳಿದಿದ್ದ ಜಡೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಅದು ಸುಮ್ಮನೆ ಚೀಪುತ್ತಿತ್ತು. ಎದೆಹಾಲು ಬಿಟ್ಟ ದಿನದಿಂದ ಇದ್ದ ಅಭ್ಯಾಸ, ಮನೆಯವರ ಕಣ್ಣಿಗೆ ಅದು ಬೀಳುವುದೇ ನಿಂತುಹೋಗಿತ್ತು. ಡಾಕ್ಟರು ಬರೆಯುವುದನ್ನು ಮುಗಿಸಿ ತಲೆಯೆತ್ತುವ ಹೊತ್ತಿಗೆ, ದೊಡ್ಡವರ ಎದುರು ಇದೇನು ಎಂಬಂತೆ ತಾಯಿ ಅದನ್ನು ಮಗುವಿನ ಬಾಯಿಂದ ಎಳೆದು ಹಿಂದಕ್ಕೆ ಹಾಕಿಬಿಟ್ಟಿದ್ದಳು.

ನಾಲ್ಕು ತುಂಬಿದ ಆ ಹುಡುಗಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು. ಎದ್ದಲ್ಲಿಂದ ಮಲಗುವವರೆಗೆ ಒಂದೇ ಸಮನೆ ಕುಯ್ಯುತ್ತಿದ್ದಳು. ಅಪ್ಪನ ಬಸ್ಸಿಗೆ ಎಷ್ಟು ಕಿಟಕಿ, ಬ್ರೆಡ್ಡಿನೊಳಗೆ ತೂತು ಮಾಡುವವರು ಯಾರು, ಅತ್ತೆಗೆ ಗಂಡ ಯಾಕಿಲ್ಲ, ಎಲ್ಲವೂ ಬೇಕು ಅವಳಿಗೆ. ಅಂಥವಳು ಈಚೆಗೆ ಮೂಲೆ ಹಿಡಿದು ಕೂರುತ್ತಿದ್ದಳು. ಊಟ ಕಂಡರೆ ಮುಖ ತಿರುಗಿಸುವಳು, ಹೊಟ್ಟೆ ಹಿಡಿದುಕೊಂಡು ನರಳುವಳು, ಸಮತಟ್ಟು ನೆಲದ ಮೇಲೆ ಎಡವುವಳು. ಮೊದಲು ಜಂತುಹುಳು ಎಂದುಕೊಂಡರು, ಆಮೇಲೆ ಹಟ ಎಂದುಕೊಂಡರು. ಮಾತೇ ಕಡಿಮೆಯಾದಾಗ ಮಾತ್ರ ಹೆದರಿದರು. ನೀರು ಬೇಕಾದರೂ "ಅದು", ಚಮಚ ಬೇಕಾದರೂ "ಅದು". ಕೈ ತೋರಿಸಿ "ಅದು, ಅದು" ಎನ್ನುವಳು, ತಂದುಕೊಟ್ಟದ್ದು ತಪ್ಪಾದರೆ ನೆಲಕ್ಕೆ ಬಡಿಯುವಳು.

"ರಕ್ತದಲ್ಲಿ ಸೀಸ ಇದೆ," ಎಂದರು ಡಾಕ್ಟರು. "ಸ್ವಲ್ಪ ಅಲ್ಲ, ತುಂಬಾ. ನಿಮ್ಮ ಮನೇಲಿ ಸೀಸದ ಕೆಲಸ ಮಾಡೋರು ಯಾರಾದ್ರೂ ಇದಾರಾ?"

ಯಾರೂ ಬೆರಳು ಮಾಡಿ ತೋರಿಸಲಿಲ್ಲ. ಆದರೆ ತಮ್ಮನೂ ತಮ್ಮನ ಹೆಂಡತಿಯೂ ಒಟ್ಟಿಗೆ ತನ್ನ ಕಡೆ ತಿರುಗಿದ್ದು ಜಡೆಯಕ್ಕನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅವಳು ಬ್ಯಾಟರಿ ಕಾರ್ಖಾನೆಯಲ್ಲಿ ಸೀಸದ ತಟ್ಟೆ ಜೋಡಿಸುವವಳು.

"ನಾನು ಅಲ್ಲೇ ಸೋಪು ಹಾಕಿ ಕೈಕಾಲು ಮುಖ ತೊಳೆದು ಬಟ್ಟೆ ಬದಲಾಯಿಸ್ತೀನಿ ಡಾಕ್ಟ್ರೇ. ಕೆಲಸದ ಬಟ್ಟೆ ಅಲ್ಲೇ ಬಿಟ್ಟು ಬರ್ತೀನಿ. ಚಪ್ಪಲಿ ಮನೆ ಹೊರಗೆ. ಮನೆಗೆ ಬಂದು ಮೈಗೆ ನೀರು ಹಾಕ್ಕೊಳ್ಳೋವರೆಗೂ ಮಗುನ ಮುಟ್ಟಲ್ಲ. ಬೇಕಾದ್ರೆ ಇವಳನ್ನೇ ಕೇಳಿ."

"ಅದು ನಿಜ. ಅತ್ತಿಗೆ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು," ಎಂದಳು ತಮ್ಮನ ಹೆಂಡತಿ. ಹೇಳಬೇಕಾದ್ದನ್ನು ಹೇಳಿದಳು, ಆದರೆ ದನಿ ನೆಲ ನೋಡುತ್ತಿತ್ತು.

"ತಲೆಗೆ?"

"ಟೋಪಿ ಕೊಡ್ತಾರೆ. ಹಾಕ್ಕೊಳ್ತೀನಿ."

ಡಾಕ್ಟರು ಸರಿ ಎಂದು ಬರೆದುಕೊಂಡರು. ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮಗುವಿನ ಮೊಣಕಾಲ ಮೂಳೆಯ ತುದಿಯಲ್ಲಿದ್ದ ಬಿಳಿ ಗೆರೆಯನ್ನು ತೋರಿಸಿದರು. "ಬೆಳೆಯೋ ಮೂಳೆಗೆ ಸುಣ್ಣ ಬೇಕು. ಸೀಸ ಬಂದ್ರೆ ಅದನ್ನೂ ಸುಣ್ಣ ಅಂತಲೇ ತಿಳ್ಕೊಂಡು ಒಳಗೆ ಸೇರಿಸ್ಕೊಳ್ಳುತ್ತೆ. ಮೆದುಳೂ ಹಾಗೇ ಮೋಸ ಹೋಗುತ್ತೆ. ರಕ್ತದಲ್ಲಿರೋದನ್ನ ಔಷಧ ಕೊಟ್ಟು ತೆಗೀಬಹುದು. ಮೆದುಳಿಗೆ ಆಗಿರೋದನ್ನ ಏನು ಅಂತ ನಾನು ಈಗಲೇ ಹೇಳಲ್ಲ. ಮೊದಲು ಇದು ಎಲ್ಲಿಂದ ಬರ್ತಿದೆ ಅಂತ ಗೊತ್ತಾಗ್ಬೇಕು."

ಮಗುವನ್ನು ವಾರ್ಡಿಗೆ ಸೇರಿಸಿಕೊಂಡರು.

ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಉದ್ದನೆಯ ಮೇಜುಗಳು. ಒಂದು ಸೀಸದ ತಟ್ಟೆ, ಮೇಲೆ ಒಂದು ಹಾಳೆ, ಮತ್ತೆ ತಟ್ಟೆ, ಮತ್ತೆ ಹಾಳೆ. ಕಟ್ಟು ತುಂಬಿದ ಮೇಲೆ ಅಂಚುಗಳು ಸಮವಾಗಲೆಂದು ಮೇಜಿಗೆ ಕುಟ್ಟಬೇಕು. ಕುಟ್ಟಿದಾಗಲೆಲ್ಲ ಬೂದುಬಣ್ಣದ ಹುಡಿ ಏಳುತ್ತದೆ. ಬಾಯಿಗೆ ಬಂದರೆ ಸ್ವಲ್ಪ ಸಿಹಿಯಾಗಿರುತ್ತದೆ, ಹೊಸಬರು ಅದನ್ನೇ ಒಂದು ತಮಾಷೆಯಾಗಿ ಹೇಳಿಕೊಳ್ಳುತ್ತಾರೆ. ಮೇಜಿನ ಮೇಲೆ ಗಾಳಿ ಎಳೆಯುವ ಯಂತ್ರವೊಂದಿತ್ತು, ಸದ್ದು ಮಾಡುವುದರಲ್ಲಿ ಅದು ಎಂದೂ ಹಿಂದೆ ಬಿದ್ದಿರಲಿಲ್ಲ.

ಈ ಹುಡಿಗೆ ಅಲ್ಲಿಯ ಹೆಂಗಸರು ತಮ್ಮದೇ ಒಂದು ಉಪಾಯ ಮಾಡಿಕೊಂಡಿದ್ದರು. ಪಾಳಿ ಶುರುವಾಗುವ ಮೊದಲು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಒಬ್ಬರ ಹಿಂದೊಬ್ಬರು ಬೆಂಚಿನ ಮೇಲೆ ಕೂತು, ಮುಂದಿನವಳ ತಲೆಗೆ ಧಾರಾಳವಾಗಿ ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆಯುವುದು. ಒಣಕೂದಲಾದರೆ ಹುಡಿ ಹಾರಿ ಮೂಗಿಗೆ ಬರುತ್ತದೆ, ಎಣ್ಣೆ ಇದ್ದರೆ ಕೂತಲ್ಲೇ ಕೂರುತ್ತದೆ, ಒಳಗೆ ಹೋಗುವುದಿಲ್ಲ, ಇದು ಅವರ ಲೆಕ್ಕ. ಜಡೆಯಕ್ಕನಿಗೆ ಇದನ್ನು ಕಲಿಸಿದವಳು ಎಲ್ಲರಿಗಿಂತ ಹಳಬಳಾದ ದೊಡ್ಡಕ್ಕ. ಈಚೆಗೆ ದೊಡ್ಡಕ್ಕನ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿದ್ದಿತ್ತು, ಎತ್ತಿದರೆ ಮೇಲೇಳುತ್ತಿರಲಿಲ್ಲ. "ದುಡಿದದ್ದು ಸಾಕು ಅಂತ ಅದೇ ರಜೆ ಹಾಕಿದೆ," ಎಂದು ಅವಳು ನಗುತ್ತಿದ್ದಳು, ಎಡಗೈಯಲ್ಲೇ ಎಣ್ಣೆ ಹಚ್ಚುತ್ತಿದ್ದಳು.

ಕಾರ್ಖಾನೆ ಕೊಡುವ ಟೋಪಿ ಸಾಧಾರಣ ತಲೆಗಳಿಗೆ ಹೊಲಿದದ್ದು. ಜಡೆಯಕ್ಕನ ಜಡೆ ಅದರೊಳಗೆ ಹಿಡಿಸುವ ಮಾತೇ ಇರಲಿಲ್ಲ. ಟೋಪಿಯ ಕೆಳಗಿನಿಂದ ಇಳಿದು ಬೆನ್ನ ಮೇಲೆ ತೂಗುತ್ತಿತ್ತು, ಅವಳು ಬಗ್ಗಿದಾಗ ಹೆಗಲಿಂದ ಜಾರಿ ಮೇಜಿನ ಮೇಲೆ ಮಲಗುತ್ತಿತ್ತು. ಅದನ್ನು ಹಿಂದಕ್ಕೆ ಎಸೆದು ಮತ್ತೆ ಕೆಲಸ. ಅಷ್ಟುದ್ದದ ಕೂದಲನ್ನು ದಿನಾ ತೊಳೆದರೆ ಒಣಗಿಸುವವರು ಯಾರು? ರಜೆಯ ದಿನಕ್ಕೊಮ್ಮೆ ತಲೆಗೆ ನೀರು. ಮಿಕ್ಕ ದಿನ ಮೈ ತೊಳೆದರೆ ಸ್ನಾನವಾದ ಹಾಗೆಯೇ.

ಆ ಜಡೆಯ ಮೇಲೆ ಅವಳಿಗೆ ಜಂಬವಿತ್ತು, ಇಲ್ಲವೆಂದು ನಾವು ಯಾಕೆ ಹೇಳಬೇಕು. ಗಂಡ ಬಿಟ್ಟಿದ್ದ. ಎರಡು ಸಲ ಬಸುರಾಗಿ ಎರಡೂ ನಿಂತಿರಲಿಲ್ಲ, ಅದೇ ನೆಪವಾಗಿ ಅವನು ಬೇರೆ ದಾರಿ ನೋಡಿಕೊಂಡಿದ್ದ. ತಮ್ಮನ ಮನೆಗೆ ಬಂದಾಗ ಅವಳ ಹತ್ತಿರ ಇದ್ದದ್ದು ಒಂದು ಟ್ರಂಕು ಮತ್ತು ಈ ಕೂದಲು. ಮುಂದೆ ತಮ್ಮನಿಗೆ ಮಗುವಾಯಿತು. ಅದರ ತಾಯಿ ಬೇಕರಿಯ ಕೆಲಸಕ್ಕೆ ಬೆಳಕು ಹರಿಯುವ ಮುಂಚೆಯೇ ಹೊರಡಬೇಕು, ಆದ್ದರಿಂದ ಮಗು ಅತ್ತೆಯ ಪಕ್ಕದಲ್ಲೇ ಮಲಗಿ ಅಭ್ಯಾಸವಾಯಿತು. ಜಡೆಯನ್ನು ಮುಷ್ಟಿಯಲ್ಲಿ ಹಿಡಿದು, ತುದಿಯನ್ನು ಬಾಯಲ್ಲಿಟ್ಟುಕೊಂಡರೆ ಎರಡು ನಿಮಿಷಕ್ಕೆ ನಿದ್ದೆ. ಅದು ಜಡೆಯಕ್ಕನ ಪಾಲಿಗೆ ಬಂದ ಸುಖ, ಅವಳು ಆ ಹೊತ್ತಿಗಾಗಿ ದಿನವಿಡೀ ಕಾಯುತ್ತಿದ್ದಳು.

ಆಸ್ಪತ್ರೆಯಲ್ಲಿ ತಾಯಿಯೊಬ್ಬಳಿಗೇ ಮಗುವಿನ ಜತೆ ಇರಲು ಬಿಟ್ಟರು. ಬೇಕರಿಯವರು ಗೊಣಗಿಕೊಂಡೇ ರಜೆ ಕೊಟ್ಟರು. ಜಡೆಯಕ್ಕ ಸಂಜೆ ಹೋಗಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ಬರುತ್ತಿದ್ದಳು. ಔಷಧ ಕೆಲಸ ಮಾಡಿತು. ಮಗು ಬ್ರೆಡ್ಡು ಕೇಳಿ ತಿಂದಿತು, ಆಮೇಲೆ ಒಂದೊಂದಾಗಿ ಮಾತುಗಳು ಹಿಂತಿರುಗಿದವು. "ನರ್ಸಮ್ಮ", "ಕಿಟಕಿ", "ಇನ್ನೂ ಬೇಕು". ಮನೆಗೆ ಬರುವ ದಿನ ಬಸ್ಸಿನ ಮೆಟ್ಟಿಲು ಹತ್ತುತ್ತಲೇ "ಅಪ್ಪ, ಟಿಕೆಟ್ಟು" ಎಂದು ಕೈ ಚಾಚಿದಳು. ಕಂಡಕ್ಟರು ಮುಖ ಆ ಕಡೆ ತಿರುಗಿಸಿ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಮನೆಯ ಹಳೇ ಬಣ್ಣ ಕೆರೆಸಿ ಹೊಸದು ಬಳಿಸಿದ್ದರು. ಬಣ್ಣದ ಆಟಿಕೆಗಳನ್ನೆಲ್ಲ ಎಸೆದಿದ್ದರು. ಪೆಪ್ಪರಮಿಂಟು ಮನೆಯ ಹೊಸಿಲು ದಾಟುವ ಹಾಗಿರಲಿಲ್ಲ. ಜಡೆಯಕ್ಕ ತನ್ನ ಪಾಲಿಗೆ ಹಾಸಿಗೆ ಬಟ್ಟೆ ಕುದಿಸಿ ಒಗೆದಳು, ದಿನಕ್ಕೆರಡು ಸಲ ನೆಲ ಒರೆಸಿದಳು. ಇಷ್ಟೆಲ್ಲ ಮಾಡಿ, ಮಲಗುವ ಹೊತ್ತಿಗೆ ಮಗು ಬಂದು ಪಕ್ಕದಲ್ಲಿ ಮುದುರಿಕೊಂಡು ಜಡೆಗಾಗಿ ಕೈಯಾಡಿಸಿದಾಗ, ಅವಳೇ ಅದನ್ನು ಎಳೆದು ಮಗುವಿನ ಮುಷ್ಟಿಗೆ ಇಟ್ಟಳು. "ನನ್ನ ಬಂಗಾರ, ಎಲ್ಲಿಗೆ ಹೋಗಿದ್ದೆ ಇಷ್ಟು ದಿನ," ಎಂದಳು.

ಮಾತು ಮತ್ತೆ ಕಡಿಮೆಯಾಗತೊಡಗಿದ್ದನ್ನು ಎಲ್ಲರಿಗಿಂತ ಮೊದಲು ಕಂಡವಳೂ ಅವಳೇ. ಕಂಡೂ ಕಾಣದಂತೆ ಇದ್ದಳು. ಕಿಟಕಿ ಮತ್ತೆ "ಅದು" ಆಯಿತು. ಒಂದು ದಿನ ತಿಂಡಿಯ ಹೊತ್ತಿನಲ್ಲಿ ಮಗುವಿನ ಕೈಯಿಂದ ಲೋಟ ಜಾರಿತು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿತು, ಮೈ ಸೆಟೆದು ಅದುರಲು ಶುರುವಾಯಿತು. ಕಂಡಕ್ಟರು ಮಗುವನ್ನು ಎತ್ತಿಕೊಂಡು ಬರಿಗಾಲಲ್ಲೇ ಬೀದಿಗೆ ಓಡಿದ. ಹೆಂಗಸರಿಬ್ಬರೂ ಹಿಂದೆಯೇ ಓಡಿದರು.

"ಮತ್ತೆ ಏರಿದೆ," ಎಂದರು ಡಾಕ್ಟರು. ಈ ಸಲ ಅವರ ಮುಖದಲ್ಲಿ ಸಮಾಧಾನವಿರಲಿಲ್ಲ. "ಇಲ್ಲಿದ್ದಾಗ ಇಳಿಯುತ್ತೆ, ಮನೆಗೆ ಹೋದ್ರೆ ಏರುತ್ತೆ. ಇನ್ನೊಂದ್ ಸಲ ಹೀಗಾದ್ರೆ ಮಗು ಉಳಿಯುತ್ತೆ ಅಂತ ನಾನು ಹೇಳೋಕಾಗಲ್ಲ. ನಿಮ್ಮ ಮನೇಗೆ ತಪಾಸಣೆಯವರನ್ನ ಕಳಿಸ್ತೀನಿ. ಎಲ್ಲಿಂದ ಅಂತ ಗೊತ್ತಾಗೋವರೆಗೂ ಮಗು ಅಲ್ಲಿಗೆ ಹೋಗೋದು ಬೇಡ."

ಹೊರಗೆ ಬೆಂಚಿನ ಮೇಲೆ ತಮ್ಮನ ಹೆಂಡತಿ ಜಡೆಯಕ್ಕನ ಪಕ್ಕ ಕೂರದೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಅತ್ತಿಗೆ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸೀಸ ನಮ್ಮ ಬೇಕರಿಯಿಂದ ಬಂದಿಲ್ಲ. ಬಸ್ಸಿಂದ ಬಂದಿಲ್ಲ."

"ನಾನು ಬೇಕು ಅಂತ ತಂದ್ನಾ?"

"ಹಾಗಂದ್ನಾ ನಾನು? ಎಲ್ಲಿಂದ ಬಂತು ಅಂತ ಕೇಳ್ತಿದೀನಿ."

ಜಡೆಯಕ್ಕನಿಗೆ ಪಿತ್ತ ನೆತ್ತಿಗೇರಿತು. ಚೀಲ ಎತ್ತಿಕೊಂಡು ಎದ್ದಳು. ಮನೆಗೆ ನಡೆದುಕೊಂಡೇ ಬಂದಳು.

ತಪಾಸಣೆಗೆ ಬಂದವಳು ನೀಲಿ ಕೋಟು ಹಾಕಿದ್ದ ಮಧ್ಯವಯಸ್ಸಿನ ಹೆಂಗಸು, ಮೃದುವಾಗಿ ಮಾತಾಡುವವಳು. ಅವಳಿಗೆ ಮನೆ ತೋರಿಸಲೆಂದು ತಮ್ಮನ ಹೆಂಡತಿ ಗಂಡನನ್ನು ವಾರ್ಡಿನಲ್ಲಿ ಮಗುವಿನ ಜತೆ ಕೂರಿಸಿ ಬಂದಿದ್ದಳು. ಚೀಲದಲ್ಲಿ ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡುಗಳಿದ್ದವು. ಒಂದು ಜಾಗ ಒರೆಸುವುದು, ಸ್ವಲ್ಪ ಕಾಯುವುದು, ಸೀಸವಿದ್ದರೆ ಬಟ್ಟೆ ಕೆಂಪಾಗುತ್ತದೆ ಎಂದು ಹೇಳಿಕೊಟ್ಟಳು. ಕಿಟಕಿಯ ಅಂಚು ಒರೆಸಿದಳು, ಬಿಳಿಯಾಗಿಯೇ ಉಳಿಯಿತು. ಬಾಗಿಲು, ಕುರ್ಚಿ, ಅಡುಗೆಮನೆಯ ಕಪಾಟು, ಹೊರಗಿದ್ದ ಚಪ್ಪಲಿ. ಚಪ್ಪಲಿ ನಸುಗೆಂಪಾಯಿತು, ಅದು ಹೊರಗೇ ಇರುವುದರಿಂದ ಅಷ್ಟು ಯೋಚನೆಯಿಲ್ಲ ಎಂದಳು. ಜಡೆಯಕ್ಕನ ಕೈ ಒರೆಸಿದಳು, ಉಗುರಿನ ಸಂದಿಯಲ್ಲೂ ಒರೆಸಿದಳು. ಬಿಳಿ. ಜಡೆಯಕ್ಕ ತಮ್ಮನ ಹೆಂಡತಿಯ ಕಡೆ ನೋಡಿದಳು, ನೋಡಿದೆಯಾ ಎನ್ನುವ ಹಾಗೆ.

"ಮಗು ಎಲ್ಲಿ ಮಲಗುತ್ತೆ?"

ಹಾಸಿಗೆ ತೋರಿಸಿದರು. ಹೊದಿಕೆ ಬಿಳಿ. ದಿಂಬನ್ನು ಒರೆಸಿ ಕಿಟಕಿಯ ಬೆಳಕಿಗೆ ತಂದಾಗ ಬಟ್ಟೆಯ ನಡುವೆ ಕೆಂಪು ಮೂಡಿತ್ತು. ತಪಾಸಣೆಯವಳು ಇನ್ನೊಂದು ತುಂಡು ತೆಗೆದು ದಿಂಬಿನ ಇನ್ನೊಂದು ಮಗ್ಗುಲನ್ನು ಒರೆಸಿದಳು. ಅದೂ ಕೆಂಪು.

"ಇದು ಯಾರ ದಿಂಬು?"

"ನಂದು."

ಅವಳು ಒಂದು ಗಳಿಗೆ ಜಡೆಯಕ್ಕನನ್ನು ನೋಡುತ್ತಾ ನಿಂತಳು. ಆಮೇಲೆ, "ಸ್ವಲ್ಪ ತಿರುಗ್ತೀರಾ ಅಮ್ಮ," ಎಂದು ಕೇಳಿ, ಜಡೆಯನ್ನು ಕತ್ತಿನಿಂದ ತುದಿಯವರೆಗೆ ಬಟ್ಟೆಯೊಳಗೆ ಹಿಡಿದು ನಿಧಾನವಾಗಿ ಎಳೆದಳು. ಬಟ್ಟೆಯನ್ನು ಬಿಡಿಸುವ ಹೊತ್ತಿಗೇ ಅದು ಪೂರ್ತಿ ಕೆಂಪಾಗಿತ್ತು. ಕಾಯುವ ಕೆಲಸವೇ ಬರಲಿಲ್ಲ.

"ಎಣ್ಣೆ ಜಾಸ್ತಿ ಹಚ್ತೀರಾ?"

"ಧೂಳು ಒಳಗೆ ಹೋಗಬಾರದು ಅಂತ," ಎಂದಳು ಜಡೆಯಕ್ಕ. "ಎಣ್ಣೆ ಇದ್ರೆ ಅಂಟ್ಕೊಂಡು ಅಲ್ಲೇ ಕೂರುತ್ತೆ ಅಂತ."

"ಕೂತಿದೆ," ಎಂದಳು ತಪಾಸಣೆಯವಳು. "ಮಗು ಈ ಕೂದಲನ್ನ ಮುಟ್ಟುತ್ತಾ?"

ಆಗ ತಮ್ಮನ ಹೆಂಡತಿ ಆ ಕೆಂಪು ಬಟ್ಟೆಯ ಹತ್ತಿರಕ್ಕೆ ಬಂದಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು, "ಚೀಪುತ್ತೆ. ದಿನಾ ಚೀಪುತ್ತೆ. ನಮ್ಮ ಕಣ್ಣೆದುರಿಗೇ," ಎಂದಳು.

ಆ ದಿನ ಜಡೆಯಕ್ಕನ ರಕ್ತವನ್ನೂ ತೆಗೆದುಕೊಂಡರು. ಮಗುವಿಗಿಂತ ಅವಳ ಮೈಯಲ್ಲೇ ಹೆಚ್ಚಿತ್ತು. ಡಾಕ್ಟರು ಒಂದೊಂದಾಗಿ ಕೇಳುತ್ತಾ ಹೋದರು. ಕೀಲುನೋವು ಇದೆಯಾ, ಇದೆ. ಹೊಟ್ಟೆ ಹಿಂಡುತ್ತಾ, ಯಾವಾಗಲಾದರೊಮ್ಮೆ. ನಿಮಗೆ ಮಕ್ಕಳು?

"ಎರಡು ಸಲ ಆಯ್ತು. ನಿಲ್ಲಲಿಲ್ಲ."

"ಆಗಲೂ ಇದೇ ಕಾರ್ಖಾನೇನಾ?"

"ಹೂಂ."

ಡಾಕ್ಟರು ಪೆನ್ನು ಕೆಳಗಿಟ್ಟರು. ಖಚಿತವಾಗಿ ಹೇಳಲಾಗುವುದಿಲ್ಲ ಎಂದರು, ಆದರೆ ಸೀಸವಿರುವ ಮೈಯಲ್ಲಿ ಹೀಗಾಗುವುದುಂಟು ಎಂದೂ ಹೇಳಿದರು. ಜಡೆಯಕ್ಕ ತಲೆಯಾಡಿಸಿದಳು. ತನ್ನ ಹೊಟ್ಟೆಯೇ ಸರಿಯಿಲ್ಲ, ತನ್ನ ಗ್ರಹಚಾರವೇ ಕೆಟ್ಟದ್ದು ಎಂದು ಅವಳು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು. ಗಂಡನೂ ಹಾಗೇ ನಂಬಿ ಹೋಗಿದ್ದ. ಅವಳಿಗೆ ಅಳು ಬರಲಿಲ್ಲ. ಎಲ್ಲೋ ತುಂಬಾ ಕೆಳಗಿನಿಂದ ಸುಸ್ತು ಬಂತು, ಅಷ್ಟೇ.

ಮನೆಗೆ ಬಂದವಳೇ ಬಚ್ಚಲಿನಲ್ಲಿ ಹಳೇ ಪೇಪರು ಹಾಸಿ, ಅದರ ಮೇಲೆ ಮಣೆ ಹಾಕಿಕೊಂಡು ಕೂತಳು. ತಮ್ಮನ ಹೆಂಡತಿಯನ್ನು ಕರೆದಳು. "ಕತ್ತರಿ ತಗೊಂಡ್ ಬಾ. ನಾನೇ ಕತ್ತರಿಸಿಕೊಳ್ತಿದ್ದೆ, ಹಿಂದೆ ಕೈ ಸರಿಯಾಗಿ ಹೋಗಲ್ಲ."

ತಮ್ಮನ ಹೆಂಡತಿ ಬಂದಳು. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಬಂದಿದ್ದಳು. ಅವಳು ಮಾಡಿದ್ದು ಸರಿಯೇ, ತಪಾಸಣೆಯವಳೇ ಹಾಗೆ ಹೇಳಿ ಹೋಗಿದ್ದಳು. ಆದರೂ ಅದನ್ನು ನೋಡಿ ಜಡೆಯಕ್ಕ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಜಡೆ ದಪ್ಪವಾಗಿತ್ತು, ಕತ್ತರಿ ಒಂದೇ ಸಲಕ್ಕೆ ಕಚ್ಚಲಿಲ್ಲ. ಹಗ್ಗ ಕುಯ್ಯುವ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯಬೇಕಾಯಿತು.

"ನಾನು ಮದುವೆಯಾಗಿ ಬಂದಾಗ ನಂಗೆ ಇದರ ಮೇಲೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಾ," ಎಂದಳು ಬಟ್ಟೆಯ ಹಿಂದಿನಿಂದ. "ಬಂದವರೆಲ್ಲ ಮದುಮಗಳನ್ನ ಬಿಟ್ಟು ನಿಮ್ಮ ಜಡೆ ನೋಡ್ತಿದ್ರು."

"ಈಗ ನೋಡ್ಕೋ ಸಮಾಧಾನವಾಗಿ."

"ಅತ್ತಿಗೆ, ನಂಗೆ ನಿಮ್ಮ ಮೇಲೆ ಕೋಪ ಬರ್ತಿದೆ. ಬರಬಾರದು ಅಂತ ಗೊತ್ತು. ಆದ್ರೂ ಬರ್ತಿದೆ. ನೀವು ತಟ್ಟಿ ಮಲಗಿಸೋವಾಗೆಲ್ಲಾ ನಾನು ನಿಶ್ಚಿಂತೆಯಿಂದ ನಿದ್ದೆ ಮಾಡ್ತಿದ್ದೆ."

"ಬರ್ಲಿ ಬಿಡು," ಎಂದಳು ಜಡೆಯಕ್ಕ. "ನಂಗೂ ಬರ್ತಿದೆ."

ಕತ್ತರಿಸಿದ್ದನ್ನು ಸುಡಬಾರದು, ಚೀಲದಲ್ಲಿ ಕಟ್ಟಿ ತಪಾಸಣೆಯವರಿಗೆ ಒಪ್ಪಿಸಬೇಕು ಎಂದಿದ್ದರು. ಚೀಲ ನೋಡಿದವರಿಗೆ ಒಳಗೆ ಏನೋ ಪ್ರಾಣಿ ಮಲಗಿದೆ ಎನಿಸುವಂತಿತ್ತು. ಉಳಿದ ಮೋಟುಕೂದಲನ್ನು ನೆತ್ತಿಯವರೆಗೂ ಬೋಳಿಸಿ, ಮೂರು ಸಲ ಸೋಪು ಹಾಕಿ ತೊಳೆದರು.

ಮರುದಿನ ಅವಳು ಕಾರ್ಖಾನೆಗೆ ಹೋದಳು, ಕೆಲಸ ಬಿಡುತ್ತೇನೆಂದು ಹೇಳಿ ಬರಲು. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಂದಿನಂತೆ ಹೆಂಗಸರು ಸಾಲಾಗಿ ಕೂತು ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಅವಳು ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ ಮೇಲೆ ಒಬ್ಬರ ಕೈಯೂ ಆಡಲಿಲ್ಲ. ನಡೆದದ್ದನ್ನೆಲ್ಲ ಹೇಳಿದಳು. ದಿಂಬು, ಬಿಳಿ ಬಟ್ಟೆ, ಮಗು, ಒಂದನ್ನೂ ಬಿಡಲಿಲ್ಲ.

ದೊಡ್ಡಕ್ಕ ಎಡಗೈಯಿಂದ ಎಣ್ಣೆಯ ಬಟ್ಟಲನ್ನು ದೂರ ಸರಿಸಿದಳು. ಆಮೇಲೆ, "ನಾನು ಹೇಳಿಕೊಟ್ಟಿದ್ದು ನಿನ್ನ ಮೂಗು ಉಳೀಲಿ ಅಂತ ಕಣೇ," ಎಂದಳು. "ಮಗು ಬಾಯಿಗೆ ಹಾಕ್ಕೊಳ್ಳುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

"ನಿನ್ನನ್ನ ಯಾರು ಅಂದ್ರು ಅಕ್ಕ."

"ನನ್ನ ಮೊಮ್ಮಕ್ಕಳೂ ನನ್ನ ಪಕ್ಕದಲ್ಲೇ ಮಲಗ್ತಿದ್ವು," ಎಂದಳು ದೊಡ್ಡಕ್ಕ. "ಓದು ಹತ್ತಲಿಲ್ಲ ಅವಕ್ಕೆ. ದಡ್ಡಮುಂಡೇವು ಅಂತ ನಾನೇ ಬೈತಿದ್ದೆ." ಅಷ್ಟು ಹೇಳಿ ತನ್ನ ಜೋತುಬಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೂಲೆಯಲ್ಲಿದ್ದ ಒಬ್ಬಳು ಎಳೇ ಬಾಣಂತಿ ಎದ್ದುಹೋಗಿ ನಲ್ಲಿಯ ಕೆಳಗೆ ತಲೆಯೊಡ್ಡಿದಳು. ಪಾಳಿಯ ಗಂಟೆ ಹೊಡೆದರೂ ನೀರು ಸುರಿಯುತ್ತಲೇ ಇತ್ತು. ಮಿಕ್ಕವರು ಟೋಪಿ ಹಾಕಿಕೊಂಡು ಒಳಗೆ ಹೋದರು, ಬೇರೆ ಕೆಲಸ ಯಾರಿಗೂ ಕಾದು ಕೂತಿರಲಿಲ್ಲ.

ಜಡೆಯಕ್ಕನಿಗೆ ಬೇಕರಿಯಲ್ಲಿ ತಟ್ಟೆ ತೊಳೆಯುವ ಕೆಲಸ ಸಿಕ್ಕಿತು. ಮಾಲೀಕನ ತಲೆ ತಿಂದು ಕೊಡಿಸಿದವಳು ತಮ್ಮನ ಹೆಂಡತಿಯೇ. ಈಗ ಇಬ್ಬರೂ ಬೆಳಕು ಹರಿಯುವ ಮುಂಚೆ ಜತೆಯಾಗಿ ಹೊರಡುತ್ತಾರೆ, ಕಂಡಕ್ಟರು ಪಾಳಿ ಬದಲಾಯಿಸಿಕೊಂಡು ಬೆಳಗ್ಗೆ ಮಗುವನ್ನು ನೋಡಿಕೊಳ್ಳುತ್ತಾನೆ. ಬೀದಿಯವರು ಇನ್ನೂ ಜಡೆಯಕ್ಕ ಎಂದೇ ಕರೆಯುತ್ತಾರೆ. ಕರೆದ ಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಾರೆ.

ಮಗು ಮನೆಗೆ ಬಂತು. ಸೆಳವು ಮತ್ತೆ ಬರಲಿಲ್ಲ, ರಕ್ತದಲ್ಲಿದ್ದದ್ದು ಇಳಿಯುತ್ತಾ ಬಂತು. ಆದರೆ ಈ ಸಲ ಮಾತು ಅದರ ಜತೆಗೆ ಹಿಂತಿರುಗಲಿಲ್ಲ. ಕೆಲವು ಬಂದವು, ಕೆಲವು ಬಂದು ಹೋದವು. "ನೀವು ಬಾಯಿಗೆ ಮಾತು ತುರುಕಬೇಡಿ," ಎಂದಿದ್ದರು ಡಾಕ್ಟರು. "ಹುಡುಕೋಕೆ ಬಿಡಿ. ಸಿಗೋದು ಸಿಗುತ್ತೆ. ಸಿಗದೇ ಇರೋದು ಎಷ್ಟು ಅಂತ ಶಾಲೆಗೆ ಹೋದ ಮೇಲೇ ಗೊತ್ತಾಗೋದು."

ಮಗು ಅತ್ತೆಯ ಹತ್ತಿರ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿದ್ದಾಗ ತಾಯಿ ಹೆದರಿಕೆಯಿಂದ, ಅತ್ತೆಯನ್ನು ಮುಟ್ಟಬೇಡ, ಹೊಟ್ಟೆ ನೋಯುತ್ತೆ ಎಂದು ಹೇಳಿಬಿಟ್ಟಿದ್ದಳು. ಎಷ್ಟೋ ಮಾತು ಮರೆತ ಹುಡುಗಿ ಇದೊಂದನ್ನು ಮರೆಯಲಿಲ್ಲ. ಈಗ ಮುಟ್ಟಬಹುದು, ಅತ್ತೆ ಈಗ ಚೊಕ್ಕಟವಾಗಿದ್ದಾರೆ ಎಂದು ತಾಯಿಯೇ ಹಲವು ಸಲ ಹೇಳಿ ನೋಡಿದಳು. ಮಗು ಅತ್ತೆಯ ಬೋಳುತಲೆಯನ್ನು ನೋಡಿ ತಾಯಿಯ ಹಿಂದೆ ಸರಿಯುತ್ತಿತ್ತು. ಜಡೆಯಕ್ಕ ಅಡುಗೆಮನೆಯಲ್ಲಿ ಹಾಸಿಕೊಂಡು ಮಲಗುತ್ತಿದ್ದಳು. ಬಾ ಎಂದು ಒಮ್ಮೆಯೂ ಕರೆಯಲಿಲ್ಲ, ಕರೆಯುವ ಮುಖ ತನಗಿಲ್ಲ ಎಂದುಕೊಂಡಿದ್ದಳು. ಮಗುವಿನ ಹಾಲಿನ ಲೋಟ ತೊಳೆಯುವಾಗ ಮಾತ್ರ ಅವಳ ಕೈ ನಿಧಾನವಾಗುತ್ತಿತ್ತು.

ಒಂದು ಮಧ್ಯಾಹ್ನ ಇಬ್ಬರು ಹೆಂಗಸರೂ ಕೆಲಸ ಮುಗಿಸಿ ಬಂದಿದ್ದರು. ತಮ್ಮನ ಹೆಂಡತಿ ಒಳಗೆ ಮಲಗಿದ್ದಳು. ಜಡೆಯಕ್ಕ ನಡುಮನೆಯ ಗೋಡೆಗೆ ಒರಗಿ ಕಾಲು ಚಾಚಿ ಕೂತು ಬಟ್ಟೆಗೆ ಗುಂಡಿ ಹೊಲಿಯುತ್ತಿದ್ದಳು. ಮಗು ತನ್ನ ಪಾಡಿಗೆ ಆಡುತ್ತಿತ್ತು. ಎಲ್ಲಿಂದಲೋ ಒಂದು ಬಿಳಿ ಬಟ್ಟೆಯ ಚೂರು ಹುಡುಕಿ ನೀರಿನಲ್ಲಿ ಅದ್ದಿಕೊಂಡು ಬಂದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ತಪಾಸಣೆಯವಳು ಇನ್ನೆರಡು ಸಲ ಮನೆಗೆ ಬಂದುಹೋಗಿದ್ದಳು, ಮಗು ಅವಳ ಹಿಂದೆಯೇ ತಿರುಗಿ ಎಲ್ಲವನ್ನೂ ನೋಡಿತ್ತು. ಈಗ ಅದೇ ಗಂಭೀರ ಮುಖ ಮಾಡಿಕೊಂಡು ಕಿಟಕಿಯ ಅಂಚು ಒರೆಸಿತು, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿತು. ಕುರ್ಚಿಯ ಕಾಲು ಒರೆಸಿತು, ನೋಡಿತು. ಬಾಗಿಲ ಹಿಂದೆ ನೇತುಹಾಕಿದ್ದ ಅಪ್ಪನ ಚೀಲ ಒರೆಸಿತು.

ಆಮೇಲೆ ಒರೆಸಲು ಏನೂ ಉಳಿಯದೆ ನಡುಮನೆಯಲ್ಲಿ ನಿಂತುಕೊಂಡಿತು.

ಜಡೆಯಕ್ಕ ತಲೆಯೆತ್ತಲಿಲ್ಲ. ಸೂಜಿ ಹಿಡಿದ ಕೈ ಸುಮ್ಮನಾಯಿತು. ಪುಟ್ಟ ಹೆಜ್ಜೆಗಳು ಹತ್ತಿರ ಬಂದು ನಿಂತವು. ಮೊಣಕೈಯ ಹತ್ತಿರ ತಣ್ಣಗೆ ಒದ್ದೆ ತಗುಲಿತು, ನಿಧಾನವಾಗಿ ಮಣಿಕಟ್ಟಿನವರೆಗೆ ಇಳಿಯಿತು. ಮಗು ಉಸಿರು ಬಿಗಿಹಿಡಿದು ಒತ್ತಿ ಒರೆಸುತ್ತಿತ್ತು. ಅವಳು ಅಲುಗಾಡಲಿಲ್ಲ, ಅತ್ತರೆ ಮಗು ಹೆದರೀತೆಂದು ಹಲ್ಲು ಕಚ್ಚಿಕೊಂಡಳು.

ಮಗು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿತು.

"ಏನಾಗಿದೆ?" ಎಂದಳು ಜಡೆಯಕ್ಕ. "ಏನ್ ಬಣ್ಣ ಇದೆ, ನೋಡಿ ಹೇಳು."

ಬಟ್ಟೆ ಬ್ರೆಡ್ಡಿನ ಒಳಗಿನಷ್ಟೇ ಬಿಳಿಯಾಗಿತ್ತು. ಮಗು ಅದನ್ನು ನೋಡಿತು, ಅತ್ತೆಯನ್ನು ನೋಡಿತು, ಮತ್ತೆ ಬಟ್ಟೆಯನ್ನು ನೋಡಿತು. ಹುಬ್ಬು ಗಂಟಿಕ್ಕಿತು. ತುಟಿ ತೆರೆದು ಮುಚ್ಚಿತು.

"ಅದು," ಎಂದಿತು. "ಅದು..."

ಹೇಳಿಕೊಡಲು ಮಾತು ಜಡೆಯಕ್ಕನ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಅದನ್ನು ನುಂಗಿಕೊಂಡು ಕಾದಳು. ಪಕ್ಕದ ಮನೆಯಲ್ಲಿ ಯಾರೋ ಪಾತ್ರೆ ಇಟ್ಟ ಸದ್ದಾಯಿತು. ಮಗು ಇನ್ನೂ ಹುಡುಕುತ್ತಿತ್ತು, ಕಣ್ಣು ಅತ್ತೆಯ ಮುಖದಲ್ಲಿ ನೆಟ್ಟು. ಸಿಗಲಿಲ್ಲ. ಕೊನೆಗೆ ಅದು ಬಟ್ಟೆಯನ್ನು ಮಡಿಸಿ, ತಪ್ಪು ತನ್ನ ಒರೆಸುವುದರಲ್ಲೇ ಇದೆಯೇನೋ ಎಂಬಂತೆ, ಮೊಣಕೈಯಿಂದ ಮತ್ತೆ ಶುರು ಮಾಡಿತು.

ಜಡೆಯಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಇನ್ನೊಂದು ಕೈಯನ್ನೂ ಮುಂದೆ ಚಾಚಿದಳು.